ಶಟರ್ ಮೊದಲು, ಉಳಿದದ್ದು ಆಮೇಲೆ

ಗದ್ವಾಲ್ ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡವರಿಗೆ ಕ್ಯಾಮೆರಾ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಲಗ್ನದ ಸೀಜನ್ ಬಂತೆಂದರೆ ಬೆಳಗ್ಗೆ ಒಂದು ಮದುವೆ, ಸಂಜೆ ಒಂದು ರಿಸೆಪ್ಷನ್. ವಧೂವರರು ಒಬ್ಬರ ನೆತ್ತಿಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುವ ಗಳಿಗೆಯಾಗಲಿ, ಅಕ್ಷತೆ ಬೀಳುವ ಗಳಿಗೆಯಾಗಲಿ, ಅವರ ಬೆರಳು ತಪ್ಪುವುದಿಲ್ಲ. ಅದೇ ಬೆರಳು ಜಿಮ್ನಾಸ್ಟಿಕ್ಸ್ ಹಾಲಿನೊಳಗೆ ಹೋದರೆ ಮೊದಲ ಹತ್ತು ನಿಮಿಷ ತಬ್ಬಿಬ್ಬಾಗುತ್ತದೆ. ಮದುವೆಯ ಫೋಟೋ ಪೂರ್ತಿ ನಿಂತಿರುವುದು ಫ್ಲ್ಯಾಶ್ ಮೇಲೆ. ಇಲ್ಲಿ ಬಾಗಿಲಲ್ಲೇ ಫ್ಲ್ಯಾಶ್ ತೆಗೆದಿಡಿ ಎನ್ನುತ್ತಾರೆ.

ಹಾಗೆ ಹೇಳುವುದು ಯಾರದೋ ದರ್ಪದಿಂದ ಅಲ್ಲ. ಬ್ಯಾಲೆನ್ಸ್ ಬೀಮ್ ಎನ್ನುವ ಹಲಗೆಯ ಅಗಲ 10 ಸೆಂಟಿಮೀಟರ್, ಉದ್ದ 5 ಮೀಟರ್, ನೆಲದಿಂದ ಎತ್ತರ 1.25 ಮೀಟರ್. ಅದರ ಮೇಲೆ ಹುಡುಗಿ ಹಿಂದಕ್ಕೆ ಪಲ್ಟಿ ಹೊಡೆದು, ಅರೆ ಗಳಿಗೆ ಹಲಗೆ ಕಾಣದೆ, ಮತ್ತೆ ಅದೇ ಅಂಗೈ ಅಗಲದ ಜಾಗಕ್ಕೆ ಪಾದ ಇಳಿಸಬೇಕು. ಇಳಿಯುವ ಹೊತ್ತಿಗೆ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಯಿಂದ ಶಾಲಾ ಮಟ್ಟದವರೆಗೆ ಎಲ್ಲೆಡೆ ಇದೊಂದೇ ಕಟ್ಟಳೆ. ಫೋಕಸ್‌ಗೆಂದು ಕ್ಯಾಮೆರಾ ತಾನಾಗಿಯೇ ಬಿಡುವ ಕೆಂಪು ದೀಪವನ್ನೂ ಮೆನುವಿನಲ್ಲಿ ಹುಡುಕಿ ಆರಿಸಬೇಕು. ಫ್ಲ್ಯಾಶ್ ತೆಗೆದವರು ಕೂಡ ಇದನ್ನು ಮರೆಯುತ್ತಾರೆ.

ನಮ್ಮ ನಡಿಗಡ್ಡೆಯವರಿಗೆ ಈ ಮಾತು ಯಾಕೆ ಎಂದು ಕೇಳುವವರಿದ್ದಾರೆ. ಗದ್ವಾಲ್ ಎಂದರೆ ಕೋಟೆ, ಸೀರೆ, ಜೂರಾಲ ಅಣೆಕಟ್ಟು. ಜಿಮ್ನಾಸ್ಟಿಕ್ಸ್ ಎಲ್ಲಿಂದ ಬಂತು? ಹೈದರಾಬಾದಿನಿಂದ ಬಂತು. ಅಲ್ಲಿನ ಲಾಲ್ ಬಹದ್ದೂರ್ ಸ್ಟೇಡಿಯಂನಲ್ಲಿ ಕಲಿತ ಬುಡ್ಡಾ ಅರುಣಾ ರೆಡ್ಡಿ 2018ರ ಫೆಬ್ರುವರಿಯಲ್ಲಿ ಮೆಲ್ಬರ್ನ್ ವಿಶ್ವಕಪ್‌ನಲ್ಲಿ, ಓಡಿಬಂದು ಮೇಜಿಗೆ ಕೈಯೂರಿ ಹಾರುವ ವಾಲ್ಟ್‌ನಲ್ಲಿ 13.649 ಅಂಕ ಪಡೆದು ಕಂಚು ಗೆದ್ದರು. ಜಿಮ್ನಾಸ್ಟಿಕ್ಸ್ ವಿಶ್ವಕಪ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಅದಕ್ಕೂ ಎರಡು ವರ್ಷ ಮೊದಲು ತ್ರಿಪುರಾದ ದೀಪಾ ಕರ್ಮಾಕರ್ ರಿಯೋ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕದೊಂದಿಗೆ ನಾಲ್ಕನೆಯವರಾಗಿ, 0.15 ಅಂಕದಲ್ಲಿ ಕಂಚು ಕಳೆದುಕೊಂಡಿದ್ದರು. ಟಿವಿಯಲ್ಲಿ ಅದನ್ನು ಕಂಡ ಮನೆಗಳಲ್ಲಿ ಮಕ್ಕಳು ಹಾಸಿಗೆಯ ಮೇಲೆ ಪಲ್ಟಿ ಹೊಡೆಯಲು ಶುರುಮಾಡಿದ್ದು ಸಹಜವೇ. ಈಗ ಎರ್ರವಳ್ಳಿ ಚೌರಸ್ತಾದಲ್ಲಿ ಹೈವೇ ಹಿಡಿದು ಮಗುವನ್ನು ಹೈದರಾಬಾದಿನ ಸ್ಪರ್ಧೆಗೆ ಕರೆದೊಯ್ಯುವ ಅಪ್ಪ ಅಮ್ಮ, ಜತೆಗೆ ಊರಿನ ಸ್ಟುಡಿಯೋ ಹುಡುಗನನ್ನೂ ಕರೆಯುತ್ತಾರೆ. ಮಕ್ತಲ್ ಕಡೆಯ ಅಂಥ ಹುಡುಗನೊಬ್ಬ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಅಣ್ಣಾ, ಫ್ಲ್ಯಾಶ್ ಇಲ್ದೆ ಹೆಂಗ್ ಹೊಡೀಲಿ? ಎಲ್ಲಾ ಅಲುಗಾಡಿದಂಗ ಬರ್ತಾವ." ಈ ವಾರದ ಅಂಕಣ ಅವನಿಗೆ.

ಮೊದಲು ಬೆಳಕಿನ ಲೆಕ್ಕ. ಚೈತ್ರದ ಮಧ್ಯಾಹ್ನ ಗದ್ವಾಲ್ ಕೋಟೆಯ ಮುಂದೆ ನಿಂತರೆ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಟಿವಿ ಪ್ರಸಾರ ಇಲ್ಲದ ಸಾಮಾನ್ಯ ಒಳಾಂಗಣದಲ್ಲಿ ಅದು 300ರ ಆಸುಪಾಸು ಎಂದಿಟ್ಟುಕೊಳ್ಳಿ. ಅಂದರೆ ಬಿಸಿಲಿನ ಮುನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಕಣ್ಣು ಇದನ್ನು ಗಮನಿಸುವುದೇ ಇಲ್ಲ. ಪಾಪೆ ಅಗಲ ಮಾಡಿಕೊಂಡು, ಮಿದುಳಿಗೆ ಸಮಾಧಾನ ಹೇಳಿ, "ಬೆಳಕು ಬೇಕಾದಷ್ಟಿದೆ" ಅನ್ನುತ್ತದೆ. ಕ್ಯಾಮೆರಾಕ್ಕೆ ಆ ಸುಳ್ಳು ಗೊತ್ತಿಲ್ಲ. ಬಿಸಿಲಿನಲ್ಲಿ ಐಎಸ್‌ಒ 200, ಎಫ್ 8, 1/800 ಇಟ್ಟರೆ ಚಂದದ ಚಿತ್ರ ಬರುತ್ತದೆ. ಅದೇ ಅಳತೆ ಹಾಲಿನಲ್ಲಿಟ್ಟರೆ ಹಿಂದಿನ ಪರದೆಯಲ್ಲಿ ಕಪ್ಪು ಹಲಗೆಯೊಂದೇ ಕಾಣುತ್ತದೆ.

ಬೆಳಕು ಕಡಿಮೆ ಇದ್ದಾಗ ಮದುವೆಯವರ ರೂಢಿ ಶಟರ್ ನಿಧಾನ ಮಾಡುವುದು. 1/125, ಬೇಕಾದರೆ 1/80. ಹಾರ ಬದಲಾಯಿಸುವವರಿಗೆ ಅದು ಸಾಕು, ಜತೆಗೆ ಫ್ಲ್ಯಾಶಿನ ಮಿಂಚು ಅಲುಗಾಟವನ್ನು ಕಟ್ಟಿಹಾಕುತ್ತದೆ. ಇಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಶಟರನ್ನು ಮೊದಲು ನಿಶ್ಚಯಿಸಿ, ಅದನ್ನು ಮುಟ್ಟಬೇಡಿ. ಅದರಿಂದ ಬೆಳಕಿಗೆ ಎಷ್ಟು ನಷ್ಟವಾಯಿತೋ ಅಷ್ಟನ್ನು ಲೆನ್ಸ್ ಮತ್ತು ಐಎಸ್‌ಒ ಸೇರಿ ತುಂಬಲಿ. ಈ ಒಂದು ಮಾತು ತಲೆಯಲ್ಲಿ ಕೂತರೆ ಅರ್ಧ ಕೆಲಸ ಆದಂತೆ.

ಶಟರ್ ಎಷ್ಟು? ವಾಲ್ಟ್‌ಗೆ ಓಡುವ ದಾರಿ 25 ಮೀಟರ್. ಒಳ್ಳೆಯ ತಯಾರಿ ಇರುವ ಹುಡುಗಿ ಮೇಜಿನ ಹತ್ತಿರ ಬರುವಾಗ ಸೆಕೆಂಡಿಗೆ 7 ಮೀಟರ್‌ನಷ್ಟು ವೇಗದಲ್ಲಿ ಇರುತ್ತಾಳೆ. 1/250ರಲ್ಲಿ ಹೊಡೆದರೆ ಶಟರ್ ತೆರೆದಿರುವಷ್ಟರಲ್ಲಿ ಅವಳು 2.8 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಕಣ್ಣು ಮೂಗು ಒಂದಕ್ಕೊಂದು ಬಳಿದುಕೊಳ್ಳಲು ಅಷ್ಟು ಧಾರಾಳ ಸಾಕು. 1/1000ಕ್ಕೆ ಏರಿಸಿದರೆ ಅದು 7 ಮಿಲಿಮೀಟರ್. ಪಲ್ಟಿಯಲ್ಲಿ ಸುತ್ತುವ ಪಾದದ ವೇಗ ಮೈಯ ವೇಗಕ್ಕಿಂತ ಹೆಚ್ಚು, ಅದು ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ. ಮುಖ ಸ್ಪಷ್ಟ ಇದ್ದರೆ ನೋಡುವವರು ಪಾದವನ್ನು ಕ್ಷಮಿಸುತ್ತಾರೆ. ವಾಲ್ಟ್, ಬಾರ್‌ಗಳು, ನೆಲದ ಮೇಲಿನ ಟಂಬ್ಲಿಂಗ್ ಇವಕ್ಕೆಲ್ಲ 1/1000 ಇರಲಿ. ಬೀಮ್ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವ ಭಂಗಿಗೆ 1/500 ಸಾಕು. ಹುಡುಗರ ರಿಂಗ್ಸ್‌ನಲ್ಲಿ ಕೈ ಎರಡೂ ಕಡೆ ಚಾಚಿ ಶಿಲುಬೆಯಂತೆ ನಿಲ್ಲುವಾಗ ಎರಡು ಸೆಕೆಂಡು ಅಲುಗಾಡಬಾರದೆಂಬ ನಿಯಮವೇ ಇದೆ. ಅಲ್ಲಿ 1/320ಕ್ಕೆ ಇಳಿದು ಐಎಸ್‌ಒ ಉಳಿಸಬಹುದು. ಹಿಡಿಗಳ ಮೇಲೆ ಕೈಯೂರಿ ಕಾಲು ಸುತ್ತಿಸುವ ಪಾಮೆಲ್ ಹಾರ್ಸ್ ಮಾತ್ರ ಮೋಸದ್ದು. ಒಂದೇ ಜಾಗದಲ್ಲಿ ನಡೆಯುವುದರಿಂದ ಸುಲಭವೆನಿಸುತ್ತದೆ, ಕಾಲು ಮಾತ್ರ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಈಗ ಲೆನ್ಸ್. 300 ಲಕ್ಸ್ ಹಾಲಿನಲ್ಲಿ 1/1000 ಶಟರ್ ಇಟ್ಟು, ಎಫ್ 2.8 ತೆರೆದರೆ ಐಎಸ್‌ಒ 6400 ಬೇಕಾಗುತ್ತದೆ. ಎಫ್ 1.8 ಆದರೆ 2500 ಸಾಕು. ಕ್ಯಾಮೆರಾ ಜತೆ ಪೆಟ್ಟಿಗೆಯಲ್ಲಿ ಬರುವ 18-55 ಲೆನ್ಸು ಪೂರ್ತಿ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಆಗ ಬೇಕಾಗುವ ಐಎಸ್‌ಒ 25600. ನಮ್ಮ ಕಡೆಯ ಹೊಸ ಹುಡುಗರ ಕೈಯಲ್ಲಿ ಕಾಣುವ ಕ್ಯಾನನ್ 1500ಡಿಯಂಥ ಕ್ಯಾಮೆರಾದ ಸಾಮಾನ್ಯ ಮಿತಿಯೇ 6400, ಎಳೆದರೆ 12800. ಲೆಕ್ಕ ಅಲ್ಲಿಗೇ ಮುಗಿಯಿತು, ಎಷ್ಟು ಕುಶಲಿಯಾದರೂ ಆ ಲೆನ್ಸಿನಿಂದ ವಾಲ್ಟ್ ಹೊಡೆಯಲಾಗದು. ದೂರದ್ದು ಹತ್ತಿರ ಕಾಣಲಿ ಎಂದು 55-250 ಕೊಂಡವರ ಪಾಡೂ ಅದೇ. ಬಯಲಿನ ಕಬಡ್ಡಿಗೆ ಅದು ಚಿನ್ನದಂಥ ಲೆನ್ಸು, ಇಲ್ಲಿ ಚೀಲದ ಭಾರ.

ಹಾಗಾಗಿ ದುಡ್ಡು ಕಡಿಮೆ ಇರುವವನಿಗೆ ನನ್ನ ಸಲಹೆ ಸಣ್ಣದು: 50 ಎಂಎಂ ಎಫ್ 1.8. ಬಹುಪಾಲು ಕಂಪನಿಗಳ ಪಟ್ಟಿಯಲ್ಲಿ ಅಗ್ಗದ ಲೆನ್ಸುಗಳ ಸಾಲಿನಲ್ಲಿ ಇರುವಂಥದು. 1500ಡಿಯ ಸಣ್ಣ ಸೆನ್ಸಾರ್ ಮೇಲೆ ಅದು 80 ಎಂಎಂ ಲೆನ್ಸಿನಂತೆ ಕೆಲಸ ಮಾಡುತ್ತದೆ. ಹತ್ತು ಮೀಟರ್ ದೂರದಿಂದ ಅಡ್ಡ ಚೌಕಟ್ಟಿನಲ್ಲಿ ಸುಮಾರು 3 ಮೀಟರ್ ಎತ್ತರ, ನಾಲ್ಕೂವರೆ ಮೀಟರ್ ಅಗಲ ಹಿಡಿಯುತ್ತದೆ. ಬೀಮ್ ಹೆಚ್ಚು ಕಡಿಮೆ ಅದರೊಳಗೇ ಬಂತು. 85 ಎಂಎಂ ಎಫ್ 1.8 ಸಿಕ್ಕರೆ ಇನ್ನೂ ಚೆನ್ನ, ಹದಿನೈದು ಮೀಟರ್ ಹಿಂದೆ ಪ್ರೇಕ್ಷಕರ ಸಾಲಿನಲ್ಲಿ ಕೂತರೂ ನಡೆಯುತ್ತದೆ. ಜೂಮ್ ಇಲ್ಲ ಎಂದು ಗೊಣಗುವವರಿಗೆ ಹೇಳುವುದು ಇಷ್ಟೆ: ಬೀಮ್ ಎದ್ದು ಓಡಾಡುವುದಿಲ್ಲ, ವಾಲ್ಟಿನ ಮೇಜೂ ಅಲ್ಲೇ ಇರುತ್ತದೆ. ಜಾಗ ಬದಲಾಯಿಸಬೇಕಾದವರು ನಾವು.

ಮದುವೆಯವರ ಹತ್ತಿರ 70-200 ಎಫ್ 2.8 ಮೊದಲೇ ಇರುತ್ತದೆ, ಸೋನಿಯೋ ಕ್ಯಾನನ್ನೋ ಫುಲ್ ಫ್ರೇಮ್ ಬಾಡಿಯೂ ಇರುತ್ತದೆ. ಅವರಿಗೆ ಬೇರೇನೂ ಕೊಳ್ಳುವ ಕೆಲಸವಿಲ್ಲ. 6400 ಐಎಸ್‌ಒಗೆ ಹೆದರದಿದ್ದರೆ ಸಾಕು. ಆಲ್ಬಂನಲ್ಲಿ ಮದುಮಗಳ ಕೆನ್ನೆ ಗಾಜಿನಂತೆ ನುಣುಪಾಗಿರಬೇಕು ಎಂಬ ಗಿರಾಕಿಗಳ ಒತ್ತಾಯದಿಂದ ಈ ಹೆದರಿಕೆ ಬೆಳೆದಿದೆ. ಐಎಸ್‌ಒ ಏರಿ ಕಾಳು ಕಾಳಾದ ಚಿತ್ರವನ್ನು ಸರಿಮಾಡಬಹುದು, ಅಲುಗಿದ ಚಿತ್ರವನ್ನು ದೇವರೂ ಸರಿಮಾಡಲಾರ. ರಾ ಫೈಲಿನಲ್ಲಿ ತೆಗೆದರೆ 2023ರಲ್ಲಿ ಲೈಟ್‌ರೂಮ್‌ಗೆ ಸೇರಿಸಿದ ಡಿನಾಯ್ಸ್‌ನಂಥ ಸೌಲಭ್ಯ ಆ ಕಾಳನ್ನು ಬಹುಪಾಲು ಅಳಿಸುತ್ತದೆ. ಪತ್ರಿಕೆಯ ಕಾಗದದ ಮೇಲೆ ಅಚ್ಚಾದರೆ ಅಳಿಸುವ ಅಗತ್ಯವೂ ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಜಿಮ್ನಾಸ್ಟ್ ನಾದಿಯಾ ಕೊಮನೆಚಿ ಹತ್ತಕ್ಕೆ ಹತ್ತು ಪಡೆದಾಗ ಅಂಕಫಲಕ ಅದನ್ನು ತೋರಿಸಲಾರದೆ 1.00 ಎಂದಿತ್ತು. ಆ ಕಾಲದ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿದ್ದ ಕಪ್ಪು ಬಿಳುಪು ರೀಲಿನ ವೇಗ 400. ಕತ್ತಲೆ ಹಾಲಾದರೆ ಡೆವಲಪ್ ಮಾಡುವಾಗ ಎಳೆದು 1600 ಮಾಡಿಕೊಳ್ಳುತ್ತಿದ್ದರು. ಇವತ್ತಿನ 6400ಕ್ಕಿಂತ ಆ ಚಿತ್ರಗಳಲ್ಲಿ ಕಾಳು ಜಾಸ್ತಿ, ಯಾರೂ ದೂರಿದ್ದಿಲ್ಲ.

ಎಕ್ಸ್‌ಪೋಷರನ್ನು ಕ್ಯಾಮೆರಾದ ಕೈಗೆ ಬಿಡಬೇಡಿ, ಮ್ಯಾನ್ಯುಯಲ್‌ನಲ್ಲಿ ಇಡಿ. ಹಾಲಿನ ದೀಪ ಬೆಳಗ್ಗೆಯಿಂದ ಸಂಜೆಯವರೆಗೆ ಒಂದೇ ತೆರನಾಗಿರುತ್ತದೆ, ಮೋಡ ಬಂದು ಮುಚ್ಚುವುದಿಲ್ಲ. ಬದಲಾಗುವುದು ಹಿನ್ನೆಲೆ. ಕಪ್ಪು ಪರದೆಯ ಮುಂದೆ ಹುಡುಗಿ ಹಾರಿದರೆ ಆಟೋ ಮೋಡ್ ಕತ್ತಲೆ ಎಂದು ತಿಳಿದು ಮುಖವನ್ನು ಸುಟ್ಟುಬಿಡುತ್ತದೆ, ಎಲ್‌ಇಡಿ ಪರದೆಯ ಮುಂದೆ ಹಾರಿದರೆ ಅದೇ ಮುಖವನ್ನು ಇದ್ದಿಲು ಮಾಡುತ್ತದೆ. ಸ್ಪರ್ಧೆಗೆ ಅರ್ಧ ಗಂಟೆ ಮೊದಲೇ ಹೋಗಿ, ಮಕ್ಕಳು ಮೈ ಬಿಸಿ ಮಾಡಿಕೊಳ್ಳುವಾಗ ಪ್ರತಿ ಉಪಕರಣದ ಹತ್ತಿರ ಒಂದೊಂದು ಚಿತ್ರ ತೆಗೆದು ನೋಡಿ. ನಡುವಿನ 12 ಮೀಟರ್ ಚೌಕದ ಮ್ಯಾಟಿಗೂ ಮೂಲೆಯ ಬಾರ್‌ಗಳಿಗೂ ಬೆಳಕಿನಲ್ಲಿ ದುಪ್ಪಟ್ಟು ವ್ಯತ್ಯಾಸ ಇದ್ದರೆ ಆಶ್ಚರ್ಯ ಬೇಡ. ಆ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡರೂ ಸರಿ.

ಅಷ್ಟೆಲ್ಲ ಮಾಡಿದ ಮೇಲೂ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು, ಅದರ ಮುಂದಿನದು ಅರ್ಧ ಹಳದಿ ಬರಬಹುದು. ಕ್ಯಾಮೆರಾ ಕೆಟ್ಟಿದೆ ಎಂದು ರಿಪೇರಿಗೆ ಓಡಬೇಡಿ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಹೊಯ್ದಾಡುವಂಥದು. ಒಂದೊಂದು ಹೊಯ್ದಾಟದಲ್ಲಿ ದೀಪ ಎರಡು ಸಲ ಏರಿ ಇಳಿಯುತ್ತದೆ. ಹಾಗಾಗಿ ಹಳೆಯ ಟ್ಯೂಬ್‌ಲೈಟು, ಮೆಟಲ್ ಹ್ಯಾಲೈಡ್ ಬಲ್ಬು, ಅಗ್ಗದ ಎಲ್‌ಇಡಿ ಎಲ್ಲವೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/100 ಶಟರ್‌ನಲ್ಲಿ ಒಂದು ಪೂರ್ತಿ ಮಿನುಗು ಚಿತ್ರದೊಳಗೆ ಬರುತ್ತದೆ, ಸಮಸ್ಯೆಯಿಲ್ಲ. 1/1000ದಲ್ಲಿ ಆ ಮಿನುಗಿನ ಹತ್ತನೇ ಒಂದು ಪಾಲು ಮಾತ್ರ ಸಿಗುತ್ತದೆ. ಅದು ಏರಿದ ಪಾಲೋ ಇಳಿದ ಪಾಲೋ, ಅದೃಷ್ಟಕ್ಕೆ ಬಿಟ್ಟದ್ದು. ಮದುವೆಯಲ್ಲಿ ಇದು ಯಾರ ಗಮನಕ್ಕೂ ಬಂದಿಲ್ಲ, ಯಾಕೆಂದರೆ ಮದುವೆಯಲ್ಲಿ 1/1000 ಇಟ್ಟವರಿಲ್ಲ.

ಇದಕ್ಕೆ ಮದ್ದು ಕ್ಯಾಮೆರಾದಲ್ಲೇ ಇದೆ. 2014ರಲ್ಲಿ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಆ್ಯಂಟಿ ಫ್ಲಿಕರ್ ಎಂಬ ಸೌಲಭ್ಯ ಬಂತು, ಈಚಿನ ಬಹುಪಾಲು ದೊಡ್ಡ ಕ್ಯಾಮೆರಾಗಳಲ್ಲಿ ಅದು ಮೆನುವಿನ ಯಾವುದೋ ಮೂಲೆಯಲ್ಲಿ ಆರಿಕೊಂಡು ಕೂತಿರುತ್ತದೆ. ಹಚ್ಚಿದರೆ ಕ್ಯಾಮೆರಾ ದೀಪದ ಲಯ ಹಿಡಿದು, ಬೆಳಕು ಏರಿದ ಗಳಿಗೆಗೆ ಕಾದು ಶಟರ್ ಬಿಡುತ್ತದೆ. ಕಾಯುವುದರಿಂದ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಸ್ವಲ್ಪ ತಗ್ಗುತ್ತದೆ, ತಗ್ಗಲಿ. ಮಿರರ್‌ಲೆಸ್ ಇರುವವರು ಇನ್ನೊಂದು ನೆನಪಿಡಬೇಕು: ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ, ಓದಿ ಮುಗಿಯುವಷ್ಟರಲ್ಲಿ ದೀಪ ಮಿನುಗಿರುತ್ತದೆ, ಚಿತ್ರದ ತುಂಬ ಅಡ್ಡ ಪಟ್ಟೆ. ಇಡೀ ಸೆನ್ಸಾರನ್ನು ಒಂದೇ ಏಟಿಗೆ ಓದುವ ಸೋನಿ ಎ9 ಮಾರ್ಕ್ 3ರಂಥ ಕ್ಯಾಮೆರಾಕ್ಕೆ ಈ ಪಟ್ಟೆಯ ಕಾಟ ಇಲ್ಲ, ಅದರ ಬೆಲೆ ಕೇಳಿದರೆ ನಮಗೆ ಬೇರೆ ಕಾಟ ಶುರುವಾಗುತ್ತದೆ. ಸುಮ್ಮನೆ ಮೆಕ್ಯಾನಿಕಲ್ ಶಟರ್ ಬಳಸಿ. ಹಾಲಿನ ದೀಪ ಹೇಗಿದೆ ಎಂದು ಮೊದಲೇ ತಿಳಿಯಬೇಕೆಂದರೆ ಖಾಲಿ ಮ್ಯಾಟ್ ಕಡೆ ತಿರುಗಿಸಿ 1/1000ದಲ್ಲಿ ಹತ್ತು ಚಿತ್ರ ಒಟ್ಟಿಗೆ ಬಿಡಿ. ಹತ್ತೂ ಒಂದೇ ಬಣ್ಣದಲ್ಲಿ ಬಂದರೆ ನಿಶ್ಚಿಂತೆ.

ಬಣ್ಣದ ವಿಷಯ ಗದ್ವಾಲಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಹತ್ತಿಯ ಮೈ, ರೇಷ್ಮೆಯ ಅಂಚು ಸೆರಗಿನ ಸೀರೆಯನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, "ಫೋಟೋದಾಗ ನೇರಳೆ ಇತ್ತು, ಬಂದದ್ದು ನೀಲಿ" ಎಂದು ಮಾಲು ವಾಪಸಾದದ್ದನ್ನು ಕಂಡವರೇ ಎಲ್ಲ. ಅದೇ ಕಾಯಿಲೆ ಇಲ್ಲೂ. ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು, ಬಿಳಿ ಕಾಗದವೊಂದನ್ನು ಆ ದೀಪದಡಿ ಹಿಡಿದು ಕಸ್ಟಮ್ ಅಳತೆ ಕೊಡಿ. ನೀಲಿ ಮ್ಯಾಟಿನಿಂದ ಚಿಮ್ಮುವ ಬಣ್ಣ ಮಕ್ಕಳ ಗಲ್ಲದ ಕೆಳಗೆ ಕೂರುತ್ತದೆ, ಅದನ್ನು ಪೂರ್ತಿ ತೆಗೆಯಲು ಹೋದರೆ ಮೈಬಣ್ಣ ಕೆಡುತ್ತದೆ, ಇದ್ದುಕೊಳ್ಳಲಿ.

ಫೋಕಸ್‌ಗೆ ಬಂದರೆ, ಕ್ಯಾನನ್‌ನಲ್ಲಿ ಸರ್ವೋ, ನಿಕಾನ್ ಸೋನಿಗಳಲ್ಲಿ ಎಎಫ್-ಸಿ ಎನ್ನುವ, ಬೆನ್ನುಹತ್ತಿ ಹೋಗುವ ಫೋಕಸ್ ಬೇಕು. ಹೊಸ ಕ್ಯಾಮೆರಾಗಳು ಕಣ್ಣನ್ನು ಹುಡುಕಿ ಹಿಡಿಯುತ್ತವೆ, ತಲೆ ಕೆಳಗಾದ ಮನುಷ್ಯನನ್ನು ಕಂಡರೆ ಅವಕ್ಕೂ ಗಲಿಬಿಲಿ. 85 ಎಂಎಂ ಲೆನ್ಸನ್ನು ಎಫ್ 1.8ರಲ್ಲಿ ತೆರೆದು ಸಣ್ಣ ಸೆನ್ಸಾರಿನ ಕ್ಯಾಮೆರಾದಿಂದ ಹತ್ತು ಮೀಟರ್ ದೂರಕ್ಕೆ ಹಿಡಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಒಂದು ಮೀಟರ್ ಮಾತ್ರ. 50 ಎಂಎಂನಲ್ಲಿ ಅದೇ ದೂರಕ್ಕೆ ಎರಡೂವರೆ ಮೀಟರ್ ದಾಟುತ್ತದೆ, ಕಲಿಯುವವರಿಗೆ ಅದನ್ನು ನಾನು ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ. ಅನ್‌ಈವನ್ ಬಾರ್ಸ್‌ನಲ್ಲಿ ಹುಡುಗಿಯ ಬದಲು ಮುಂದಿನ ಬಾರೇ ಫೋಕಸ್ ಕದ್ದುಬಿಡುತ್ತದೆ. ವಾಲ್ಟ್‌ನಲ್ಲಂತೂ ಬೆನ್ನುಹತ್ತುವುದನ್ನೇ ಬಿಟ್ಟು, ಮೇಜಿನಾಚೆ ಅವಳು ಹಾರುವ ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟು ಕಾಯುವುದು ಹಳಬರ ದಾರಿ. ಕೋಚ್ ಅಲ್ಲೇ ನಿಂತಿದ್ದರೆ ಅವರ ಭುಜದ ಮೇಲೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ತಿರುಗಿಸಿ, ಕೈ ತೆಗೆದುಬಿಡಿ.

ಯಾವ ಗಳಿಗೆಗೆ ಒತ್ತಬೇಕು ಎಂಬುದೇ ಇದರಲ್ಲೆಲ್ಲ ರುಚಿಯ ಭಾಗ. ಸೆಕೆಂಡಿಗೆ ಹತ್ತು ಚಿತ್ರ ಬಿಡುವ ಕ್ಯಾಮೆರಾ ಇದ್ದರೆ ಒತ್ತಿ ಹಿಡಿದರಾಯಿತು, ಯಾವುದೋ ಒಂದು ಸಿಗುತ್ತದೆ ಎನ್ನುವವರಿದ್ದಾರೆ. ಜೋಳದ ಹೊಲದ ಮಂಚಿಕೆಯಿಂದ ಕಣ್ಣು ಮುಚ್ಚಿ ಕವಣೆ ಬೀಸಿದ ಹಾಗೆ ಅದು. ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಎರಡು ಚಿತ್ರಗಳ ನಡುವೆ ಹುಡುಗಿ 70 ಸೆಂಟಿಮೀಟರ್ ಹೋಗಿರುತ್ತಾಳೆ. ಬೇಕಾದ ಭಂಗಿ ಆ ಎಪ್ಪತ್ತರೊಳಗೇ ಎಲ್ಲೋ ಕಳೆದುಹೋಗಿರುತ್ತದೆ. 1500ಡಿ ಸೆಕೆಂಡಿಗೆ ಬಿಡುವುದು ಮೂರೇ ಚಿತ್ರ. ಅಂಥದ್ದನ್ನು ಹಿಡಿದವನು ಬೇರೆ ದಾರಿಯಿಲ್ಲದೆ ಆಟ ಕಲಿಯುತ್ತಾನೆ, ಕಡೆಗೆ ಅವನ ಚಿತ್ರಗಳೇ ಮೇಲಾಗುತ್ತವೆ.

ಭೌತಶಾಸ್ತ್ರ ಇಲ್ಲಿ ನಮ್ಮ ಪರವಾಗಿದೆ. ಬೀಮ್ ಮೇಲೆ ಕಾಲು ಚಾಚಿ 60 ಸೆಂಟಿಮೀಟರ್ ಎತ್ತರಕ್ಕೆ ಜಿಗಿದವಳು ಗಾಳಿಯಲ್ಲಿರುವುದು ಸುಮಾರು 0.7 ಸೆಕೆಂಡು. ಅದರಲ್ಲಿ ತುತ್ತತುದಿಯ ಆಚೀಚೆಯ 0.2 ಸೆಕೆಂಡಿನಲ್ಲಿ ಮೈ ಮೇಲೆ ಕೆಳಗೆ ಸರಿಯುವುದು 5 ಸೆಂಟಿಮೀಟರ್ ಮಾತ್ರ. ತುದಿಯಲ್ಲಿ ಮೈ ಒಂದು ಗಳಿಗೆ ತೂಗುಹಾಕಿದಂತೆ ನಿಲ್ಲುತ್ತದೆ ಎಂದು ನಮಗೆ ಅನ್ನಿಸುವುದು ಇದರಿಂದಲೇ. ಕಾಲು ಪೂರ್ತಿ ಚಾಚುವುದೂ ಅಲ್ಲೇ. ಬೆಳಕು ತೀರಾ ಕಡಿಮೆ ಇದ್ದು 1/1000 ಸಾಧ್ಯವೇ ಇಲ್ಲವಾದರೆ ಈ ತುದಿಗಾಗಿ ಕಾದು 1/400ರಲ್ಲೂ ಗೆಲ್ಲಬಹುದು. ಮಿದುಳಿನಿಂದ ಬೆರಳಿಗೆ, ಬೆರಳಿನಿಂದ ಶಟರ್‌ಗೆ ಮಾತು ತಲುಪಲು ಹೊತ್ತು ಹಿಡಿಯುತ್ತದೆ. ತುದಿ ಕಣ್ಣಿಗೆ ಕಂಡಾಗ ಒತ್ತಿದರೆ ಸಿಗುವುದು ಇಳಿಜಾರು. ಪಾದ ಹಲಗೆ ಬಿಟ್ಟದ್ದು ಕಂಡೊಡನೆ ಒತ್ತಬೇಕು.

ಹಾಗೆ ಒತ್ತಬೇಕೆಂದರೆ ಮುಂದೆ ಏನು ಬರುತ್ತದೆಂದು ಗೊತ್ತಿರಬೇಕು. ಬೀಮ್ ಮೇಲಿನ ಪೂರ್ತಿ ಆಟ 90 ಸೆಕೆಂಡಿನೊಳಗೆ ಮುಗಿಯುತ್ತದೆ, ಅದೇ ಹುಡುಗಿ ಅದೇ ಕ್ರಮವನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾಳೆ. ಬೆಳಗಿನ ಅಭ್ಯಾಸದಲ್ಲಿ ಕ್ಯಾಮೆರಾ ಕೆಳಗಿಟ್ಟು ಒಮ್ಮೆ ನೋಡಿ. ಎರಡನೇ ತಿರುವಾದ ಮೇಲೆ ಉಸಿರೆಳೆದುಕೊಂಡು ಕೈ ಎತ್ತಿದಳೆಂದರೆ ಹಿಂದಿನ ಪಲ್ಟಿ ಬರುತ್ತದೆ ಎಂಬಂಥ ಗುರುತುಗಳು ಪ್ರತಿ ಮಗುವಿಗೂ ಇರುತ್ತವೆ. ವಾಲ್ಟ್‌ನಲ್ಲಿ ಚಿತ್ರ ಇರುವುದು ಮೇಜು ಬಿಟ್ಟ ಮೇಲಿನ ಹಾರಾಟದಲ್ಲಿ. ದೀಪಾ ಮಾಡುತ್ತಿದ್ದ ಪ್ರೊಡುನೋವಾದಲ್ಲಿ ಮೇಜು ಬಿಟ್ಟವಳು ಮುಂದಕ್ಕೆ ಎರಡು ಸುತ್ತು ಪಲ್ಟಿ ಹೊಡೆದು ಇಳಿಯಬೇಕು, ಎಲ್ಲವೂ ಒಂದು ಸೆಕೆಂಡಿನ ಆಸುಪಾಸು. ಮಂಡಿ ಎದೆಗೊತ್ತಿ ಮೈ ಉಂಡೆಯಾದಾಗ ಮುಖ ಕಾಣುವುದಿಲ್ಲ. ಎರಡನೇ ಸುತ್ತು ಬಿಚ್ಚಿಕೊಳ್ಳುವಾಗ, ಕಣ್ಣು ನೆಲ ಹುಡುಕುವಾಗ ಮುಖ ಹೊರಬರುತ್ತದೆ. ಹಾಗಾಗಿ ನಾವು ನಿಲ್ಲಬೇಕಾದದ್ದು ಇಳಿಯುವ ಕಡೆ, ಓಡುವ ದಾರಿಯ ನೇರಕ್ಕಲ್ಲದೆ ಓರೆಯಾಗಿ, ತೀರ್ಪುಗಾರರ ನೋಟಕ್ಕೆ ಅಡ್ಡಬಾರದ ಜಾಗದಲ್ಲಿ. ಬೀಮ್‌ಗೆ ಪಕ್ಕದಿಂದ, ಮಂಡಿಯೂರಿ. ಕೆಳಗಿನಿಂದ ನೋಡಿದಾಗ ಹಿಂದಿನ ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿ, ಪ್ರಾಯೋಜಕರ ಫ್ಲೆಕ್ಸ್ ಎಲ್ಲ ಚೌಕಟ್ಟಿನಿಂದ ಕೆಳಗೆ ಜಾರುತ್ತವೆ. ಬಾರ್‌ಗಳಿಗೆ ಗ್ಯಾಲರಿ ಒಳ್ಳೆಯದು, ಮೇಲಿನ ಬಾರು ಕಣ್ಣಿನ ಮಟ್ಟಕ್ಕೆ ಬರುತ್ತದೆ.

ಹಾರಾಟ ಒಂದನ್ನೇ ಬೆನ್ನಟ್ಟುವವರಿಗೆ ಕೈತಪ್ಪುವ ಚಿತ್ರ ಒಂದಿದೆ. ಬಾರ್ ಹತ್ತುವ ಮೊದಲು ಮಕ್ಕಳು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯ ಬಟ್ಟಲಿಗೆ ಕೈ ಹಾಕಿ ತಿಕ್ಕಿಕೊಳ್ಳುತ್ತಾರೆ. ಚರ್ಮದ ಗ್ರಿಪ್ಪಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದು, ಅಂಗೈಯನ್ನು ಒಮ್ಮೆ ಊದುತ್ತಾರೆ. ಹಿಂದಿನಿಂದ ದೀಪ ಬಿದ್ದಿದ್ದರೆ ಆ ಪುಡಿ ಮುಖದ ಮುಂದೆ ಬೆಳ್ಳಗೆ ಹರಡಿಕೊಳ್ಳುತ್ತದೆ, ಬೆರಳ ಬುಡದಲ್ಲಿ ಕಿತ್ತುಹೋದ ಬೊಬ್ಬೆ ಕಾಣುತ್ತದೆ. ಇದಕ್ಕೆ 1/250 ಸಾಕು, ಐಎಸ್‌ಒ 1600ಕ್ಕೆ ಇಳಿಸಿದರೂ ನಡೆಯುತ್ತದೆ. ಒಬ್ಬಳು ತಾಯಿ ಗೋಡೆಗೆ ಹಾಕಿಸಲು ಇದನ್ನೇ ಆರಿಸಿಕೊಂಡರೆ ನನಗೆ ಅಚ್ಚರಿಯಿಲ್ಲ.

ಒಂದು ಗಂಭೀರ ಮಾತು ಉಳಿದಿದೆ, ಸ್ಟುಡಿಯೋದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಇಲ್ಲಿ ಆಡುವವರು ಬಹುಪಾಲು ಹದಿನೆಂಟು ತುಂಬದ ಮಕ್ಕಳು, ಉಡುಪು ಮೈಗಂಟಿದ್ದು, ಭಂಗಿಗಳು ಕಾಲು ಅಗಲಿಸಿದವು. ಎದುರಿನಿಂದ ಕೆಳಮಟ್ಟದಲ್ಲಿ ಹೊಡೆದರೆ ತಪ್ಪು ಅರ್ಥ ಕೊಡುವ ಚಿತ್ರ ತಾನಾಗಿಯೇ ಬಂದುಬಿಡುತ್ತದೆ, ಅದು ಬರದ ಕಡೆ ನಿಲ್ಲುವುದು ನಮ್ಮ ಕೆಲಸ. ಬಂದರೆ ಅಲ್ಲೇ ಅಳಿಸುವುದು, "ಶಾರ್ಪ್ ಇದೆ" ಎಂಬ ಮೋಹಕ್ಕೆ ಬೀಳದೆ. 2021ರಲ್ಲಿ ಜರ್ಮನಿಯ ಮಹಿಳಾ ತಂಡದವರು ಯುರೋಪಿಯನ್ ಸ್ಪರ್ಧೆಯಲ್ಲೂ ಟೋಕಿಯೋ ಒಲಿಂಪಿಕ್ಸ್‌ನಲ್ಲೂ ಕಣಕಾಲಿನವರೆಗೆ ಮುಚ್ಚುವ ಉಡುಪು ತೊಟ್ಟು ಬಂದದ್ದು ಆಟಗಾರ್ತಿಯರಿಗೇ ಈ ಮುಜುಗರ ಎಷ್ಟಿತ್ತೆಂದು ತೋರಿಸಿತು. ಸಂಘಟಕರ ಒಪ್ಪಿಗೆ, ತಂದೆ ತಾಯಿಯ ಒಪ್ಪಿಗೆ ಎರಡೂ ಬೇಕು. ಸ್ಟುಡಿಯೋದ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕುವ ಮುಂಚೆ ಮತ್ತೊಮ್ಮೆ ಕೇಳಬೇಕು. ಮಗುವಿನ ಹೆಸರು, ಶಾಲೆ, ಊರು ಮೂರನ್ನೂ ಒಟ್ಟಿಗೆ ಬರೆಯಬೇಡಿ.

ದುಬಾರಿ ಲೆನ್ಸು ಬೇಕೆನಿಸಿದವರು ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ನೋಡಲಿ. ಕೊಳ್ಳುವ ಮೊದಲು ಒಂದು ದಿನಕ್ಕೆ ಬಾಡಿಗೆಗೆ ತಂದು ಪರೀಕ್ಷಿಸಲಿ. ಕೈ ಪಳಗಿಸಲು ಮಾತ್ರ ಹೈದರಾಬಾದ್ ಬೇಕಿಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾ ಕ್ರೀಡೆ ಎಂದು ಒಪ್ಪಿಕೊಂಡಿತು, ಆಮೇಲೆ ಖೇಲೋ ಇಂಡಿಯಾದಲ್ಲೂ ಅದು, ಮಲ್ಲಕಂಬ ಎರಡೂ ಸೇರಿದವು. ಯೋಗಾಸನ ನಾರಾಯಣಪೇಟೆಯ ಶಾಲೆಯಲ್ಲೂ ಸಿಗುವಂಥದು. ಅಲುಗದ ಮೈ, ಕತ್ತಲೆ ಹಾಲು: ಬೆಳಕು, ಬಣ್ಣ, ಹಿನ್ನೆಲೆ ಕಲಿಯಲು ಅದು ಸಾಕು, 1/200ರಲ್ಲಿ ಆರಾಮ. ಅದು ಕೈಗೆ ಬಂದ ಮೇಲೆ ಮಲ್ಲಕಂಬ. ಕೃಷ್ಣೆ ದಾಟಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಕಡೆ ಹೋದರೆ ಕಂಬದ ಮೇಲೆ ಮಕ್ಕಳು ಮಾಡುವುದನ್ನು ಹಿಡಿಯಲು 1/800 ಬೇಕೇ ಬೇಕು.

ಫೋನಿನಿಂದಲೇ ಆಗದೇ ಎಂದು ಕೇಳುವ ಅಪ್ಪಂದಿರಿಗೆ: ನೈಟ್ ಮೋಡ್ ಬಂದ್ ಮಾಡಿ. ಅದು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸುತ್ತದೆ, ಓಡುವ ಮಗು ಹೊಗೆಯಾಗುತ್ತದೆ. ಪ್ರೊ ಮೋಡ್‌ನಲ್ಲಿ ಶಟರ್ 1/500 ಇಟ್ಟು, ಜೂಮ್ ಮುಟ್ಟದೆ, ಆದಷ್ಟು ಹತ್ತಿರ ಕೂತು ಮುಖ್ಯ ಲೆನ್ಸಿನಿಂದಲೇ ತೆಗೆಯಿರಿ.

ಕೊನೆಯದಾಗಿ, ಚಿತ್ರ ಕಳಿಸುವ ರೀತಿ. ಪತ್ರಿಕೆಗೆ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ಅಷ್ಟೆಲ್ಲ ಕಷ್ಟಪಟ್ಟು ಉಳಿಸಿಕೊಂಡ ಸ್ಪಷ್ಟತೆ ಕರಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಜತೆಗೆ ಉಪಕರಣದ ಹೆಸರು, ಸ್ಪರ್ಧೆಯ ಹೆಸರು, ತಾರೀಖು ಬರೆಯಿರಿ. ಸುದ್ದಿಮನೆಯಲ್ಲಿ ಕೂತವರಿಗೆ ಬೀಮ್ ಯಾವುದು, ಬಾರ್ ಯಾವುದು ಗೊತ್ತಿರುತ್ತದೆಂದು ತಿಳಿಯಬೇಡಿ.